ಗೆಡ್ ಎಲ್ಲಿ?

ಸರಣಿಯ ಎರಡನೇ ಪುಸ್ತಕ ಹಿಡಿದು ಕೂತವರಿಗೆ ಹೊಸ ಕತೆ ಬೇಕಾಗಿರುವುದಿಲ್ಲ. ಸುಳ್ಳು ಯಾಕೆ ಹೇಳಬೇಕು, ಹಳೇ ಕತೆಯೇ ಇನ್ನೊಂದು ಸುತ್ತು ಬೇಕಾಗಿರುತ್ತದೆ. ಅದೇ ಜನ ಮತ್ತೆ ಸಿಗಬೇಕು, ಅವರಿಗೆ ಇನ್ನಷ್ಟು ಕಷ್ಟ ಬರಬೇಕು, ಅವರು ಅದನ್ನು ಗೆಲ್ಲಬೇಕು. ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಎಂಬ ಫ್ಯಾಂಟಸಿ ಸರಣಿಯ ಎರಡನೇ ಕಾದಂಬರಿ ‘ದ ಟೂಂಬ್ಸ್ ಆಫ್ ಅತುವಾನ್’ ತೆರೆದಾಗ ನನಗೂ ಅಷ್ಟೇ ಬೇಕಿತ್ತು. ಮೊದಲ ಪುಸ್ತಕದ ನಾಯಕ, ಮಾಂತ್ರಿಕ ಗೆಡ್ ಬೇಕಿತ್ತು. ತನ್ನದೇ ನೆರಳನ್ನು ಸಮುದ್ರದ ಕೊನೆಯವರೆಗೆ ಬೆನ್ನಟ್ಟಿ, ಅದನ್ನು ತನ್ನದೇ ಹೆಸರಿಂದ ಕರೆದವನು. ಅವನು ಈಗ ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ, ದೋಣಿ ಯಾವ ಕಡೆ ತಿರುಗಿದೆ?

ಪುಟ ತಿರುಗಿಸಿದರೆ ಸೇಬಿನ ಮರಗಳ ಕೆಳಗೆ ಒಂದು ಪುಟ್ಟ ಹುಡುಗಿ ಓಡುತ್ತಿದ್ದಾಳೆ. ಮುಂದಿನ ಅಧ್ಯಾಯದಲ್ಲೂ ಅವಳೇ. ಅದರ ಮುಂದಿನದರಲ್ಲೂ ಅವಳೇ. ಮರುಭೂಮಿಯಂಥ ಜಾಗ, ಕಪ್ಪು ಬಟ್ಟೆ, ಖಾಲಿ ಸಿಂಹಾಸನದ ಮುಂದೆ ಕುಣಿತ, ಗೋಡೆ, ಮತ್ತೆ ಗೋಡೆ. ಗೆಡ್ ಇಲ್ಲ. ಅವನ ಹೆಸರೂ ಇಲ್ಲ. ನೆಂಟರ ಮನೆಗೆ ಹೋದರೆ ನೆಂಟರೇ ಇಲ್ಲದೆ, ಯಾರೋ ಗುರುತಿಲ್ಲದ ಹುಡುಗಿ ಬಾಗಿಲು ತೆಗೆದು ಸುಮ್ನೆ ನಮ್ಮ ಮುಖ ನೋಡುತ್ತಾ ನಿಂತ ಹಾಗಾಯಿತು. ಹನ್ನೆರಡು ಅಧ್ಯಾಯದ ಪುಸ್ತಕದಲ್ಲಿ ಅವನು ಬರುವುದು ಐದನೆಯದರಲ್ಲಿ. ಆಗಲೂ ನೆಟ್ಟಗೆ ಬರುವುದಿಲ್ಲ.

ನಾಲ್ಕನೇ ಅಧ್ಯಾಯದ ಹೊತ್ತಿಗೆ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಈಗ ಪುಸ್ತಕ ಮುಗಿದಿದೆ. ಸಿಟ್ಟು ಹೋಗಿದೆ. ಆದರೆ ಅದು ಹೋಗಿದ್ದು ಹೇಗೆ ಅನ್ನುವುದು ತಲೆಯಲ್ಲಿ ಕೊರೆಯುತ್ತಲೇ ಇದೆ. (ಇಲ್ಲಿಂದ ಮುಂದೆ ಕತೆಯ ಗುಟ್ಟೆಲ್ಲ ಬಯಲಾಗುತ್ತದೆ. ಓದದವರು ಇಲ್ಲೇ ನಿಲ್ಲಿಸಿ, ಪುಸ್ತಕ ಓದಿ ಬನ್ನಿ. ದೊಡ್ಡ ಪುಸ್ತಕವೇನಲ್ಲ.)

ವೈರಿಯ ಮನೆಯೊಳಗೆ

ಮೊದಲ ಪುಸ್ತಕ ಬಂದಿದ್ದು 1968ರಲ್ಲಿ. ಅದರ ಮೊದಲನೇ ಅಧ್ಯಾಯ ನೆನಪಿದೆಯಲ್ಲ? ಕಾರ್ಗದ್ ದ್ವೀಪಗಳಿಂದ ಹಡಗುಗಳಲ್ಲಿ ದಂಡು ಬರುತ್ತದೆ. ಬಿಳಿ ಚರ್ಮದ, ಹಳದಿ ಕೂದಲಿನ, ರಕ್ತ ಕಂಡರೆ ಖುಷಿಪಡುವ ಜನ. ಹಳ್ಳಿಗೆ ಬೆಂಕಿ ಇಡುತ್ತಾರೆ. ಇನ್ನೂ ಗೆಡ್ ಎಂಬ ಹೆಸರು ಸಿಗದ, ಡೂನಿ ಎಂಬ ಹುಡುಗ ಮಂಜು ಎಬ್ಬಿಸಿ ಅವರ ದಾರಿ ತಪ್ಪಿಸುತ್ತಾನೆ. ನಾವೆಲ್ಲ ಖುಷಿಯಿಂದ ಓದಿದ ಭಾಗ ಅದು. ಮಂಜಿನಲ್ಲಿ ಕಣ್ಣು ಕಾಣದೆ ಕಡಿದಾದ ಜಾಗದಿಂದ ಕೆಳಗೆ ಬಿದ್ದು ಸತ್ತವರಿಗೆ ಮುಖ ಇತ್ತಾ, ಮನೆ ಇತ್ತಾ ಅಂತ ನಾನಂತೂ ಯೋಚಿಸಲಿಲ್ಲ. ಯೋಚಿಸಬೇಕು ಅಂತ ಆ ಪುಸ್ತಕವೂ ಕೇಳಲಿಲ್ಲ.

1971ರಲ್ಲಿ ಬಂದ ಎರಡನೇ ಪುಸ್ತಕ ನಮ್ಮನ್ನು ಕೂರಿಸುವುದು ಆ ಕಾರ್ಗದ್ ಜನರ ಮನೆಯೊಳಗೆ. ಸೇಬಿನ ಮರದ ಕೆಳಗೆ ಓಡುವ ಹುಡುಗಿ ತೆನಾರ್ ಅವರವಳೇ. ಸಂಜೆ ಆಗಿದೆ. ಮನೆಗೆ ಬಾ ಅಂತ ತಾಯಿ ಕೂಗುತ್ತಾಳೆ. ನಮ್ಮದಲ್ಲದ ಮಗುವಿನ ಮೇಲೆ ಯಾಕಿಷ್ಟು ಜೀವ ಇಟ್ಟುಕೊಳ್ಳುತ್ತೀಯ ಅಂತ ತಂದೆ ಗದರುತ್ತಾನೆ. ಏಕೆಂದರೆ ಅತುವಾನ್ ದ್ವೀಪದ ಗೋರಿಗಳ ಮುಖ್ಯ ಅರ್ಚಕಿ ಸತ್ತ ರಾತ್ರಿಯೇ ಈ ಮಗು ಹುಟ್ಟಿದೆ. ಅರ್ಚಕಿಯೇ ಮತ್ತೆ ಹುಟ್ಟಿ ಬಂದಳು ಎಂದು ಅಲ್ಲಿಯವರ ನಂಬಿಕೆ. ಐದು ವರ್ಷಕ್ಕೆ ಅವಳನ್ನು ಕರೆದೊಯ್ಯುತ್ತಾರೆ. ಆರಕ್ಕೆ ಅವಳ ಹೆಸರು ಕಿತ್ತುಕೊಂಡು ಆರ್ಹಾ ಅನ್ನುತ್ತಾರೆ. ನೆಲದಡಿಯ ಹೆಸರಿಲ್ಲದ ಶಕ್ತಿಗಳು ಅವಳನ್ನು ತಿಂದುಬಿಟ್ಟವು, ಇನ್ನು ಅವಳು ಅಂತ ಯಾರೂ ಉಳಿದಿಲ್ಲ, ಇಷ್ಟೇ ಲೆಕ್ಕ.

ಓದುವಾಗ ನನ್ನನ್ನು ಕಾಡಿದ್ದು ಅಲ್ಲಿಯ ಭಯಕ್ಕಿಂತ ಅಲ್ಲಿಯ ಬೇಸರ. ಫ್ಯಾಂಟಸಿಯಲ್ಲಿ ಕತ್ತಲ ದೇವಸ್ಥಾನ ಅಂದರೆ ಕಿರುಚಾಟ, ಹೊಗೆ, ಮಾಟ. ಇಲ್ಲಿ ಇರುವುದು ನೂಲುವುದು, ನೇಯುವುದು, ಮಂತ್ರ ಬಾಯಿಪಾಠ ಮಾಡುವುದು, ಹೊತ್ತು ಕಳೆಯುವುದು. ಗಂಡಸರು ಅಂದರೆ ಕಾವಲಿನ ನಪುಂಸಕರು ಮಾತ್ರ. ಅವರಲ್ಲಿ ಮಾನನ್ ಎಂಬ ದಪ್ಪ ಮನುಷ್ಯನೊಬ್ಬನೇ ಅವಳನ್ನು ಮಗಳಂತೆ ನೋಡುವವನು. ಪೆಂಥೆ ಎಂಬ ಗೆಳತಿ ಇದ್ದಾಳೆ. ದುಂಡಗಿನ, ಸೋಮಾರಿ, ಸೇಬು ಕಂಡರೆ ಬಿಡದವಳು. ಇಬ್ಬರೂ ಗೋಡೆ ಹತ್ತಿ ಸಿಕ್ಕಿಬಿದ್ದಾಗ ಪೆಂಥೆಗೆ ಏಟು ಬೀಳುತ್ತದೆ. ತೆನಾರ್‌ಗೆ ಏಟಿಲ್ಲ. ನೀನು ಆರ್ಹಾ, ಹೀಗೆಲ್ಲ ಮಾಡಬಾರದು ಅನ್ನುವ ಮಾತು ಮಾತ್ರ. ಏಟು ತಿನ್ನುವ ಭಾಗ್ಯವೂ ಇಲ್ಲದ ಮಗು! ಅವಳನ್ನು ಹೊಡೆಯುವ ಅಧಿಕಾರ ಇರುವವರು ಅಲ್ಲಿ ಯಾರೂ ಇಲ್ಲ, ಅಪ್ಪಿಕೊಳ್ಳುವವರೂ ಯಾರೂ ಇಲ್ಲ.

ಇದೇ ಪೆಂಥೆ ಮುಂದೆ ಒಂದು ಮಾತು ಆಡುತ್ತಾಳೆ. ದೇವರಾಜ ಅಂತ ನೀವು ಪೂಜಿಸುವ ಈ ನಾಡಿನ ದೊರೆಯೂ ಮನುಷ್ಯನೇ, ಅವನೂ ಎಲ್ಲರ ಹಾಗೆ ಉಗುರು ಕತ್ತರಿಸಿಕೊಳ್ಳಬೇಕಲ್ಲ ಅಂತ. ಎಷ್ಟು ಸಲೀಸಾಗಿ ಹೇಳಿಬಿಡುತ್ತಾಳೆ! ಅವಳಿಗೆ ನಂಬಿಕೆಯೇ ಇಲ್ಲ, ಹಾಗಾಗಿ ನಂಬಿಕೆ ಕಳೆದುಕೊಳ್ಳುವ ಸಂಕಟವೂ ಇಲ್ಲ. ತೆನಾರ್‌ಗೆ ಕಾಲ ಕೆಳಗಿನ ನೆಲವೇ ಅಲುಗಿದ ಹಾಗಾಗುತ್ತದೆ. ಒಬ್ಬಳಿಗೆ ಬರೀ ತಮಾಷೆಯಾದ ಮಾತು ಪಕ್ಕದಲ್ಲೇ ಕೂತ ಇನ್ನೊಬ್ಬಳನ್ನು ಹೇಗೆ ಒಡೆದುಹಾಕುತ್ತದೆ ನೋಡಿ. ಇಡೀ ಪುಸ್ತಕದಲ್ಲಿ ನನಗೆ ತುಂಬ ಇಷ್ಟವಾದ ಪಾತ್ರಗಳಲ್ಲಿ ಪೆಂಥೆ ಒಬ್ಬಳು. ಅವಳಿಗೆ ಸಿಕ್ಕಿದ್ದು ಕೆಲವೇ ಪುಟ.

ಮೂವರು ಕೈದಿಗಳ ಅಧ್ಯಾಯ ಓದಿ ಆದ ಮೇಲೆ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಹೋಗಿದ್ದೆ. ಈಗಷ್ಟೇ ವಯಸ್ಸಿಗೆ ಬಂದ ಹುಡುಗಿಗೆ ಪೂರ್ತಿ ಅಧಿಕಾರ ಬರುತ್ತದೆ. ಮೊದಲ ಕೆಲಸ, ದೇವರಾಜ ಕಳಿಸಿದ ಮೂವರು ಕೈದಿಗಳನ್ನು ಹೇಗೆ ಸಾಯಿಸಬೇಕು ಅಂತ ಹೇಳುವುದು. ಅನ್ನ ನೀರು ಕೊಡದೆ ಕತ್ತಲಲ್ಲಿ ಬಿಟ್ಟುಬಿಡಿ ಅನ್ನುತ್ತಾಳೆ. ಲೆ ಗ್ವಿನ್ ಇದನ್ನು ಮೆತ್ತಗೆ ಮಾಡಿ ಹೇಳುವುದಿಲ್ಲ. ಅವಳಿಗೆ ಗೊತ್ತಿರಲಿಲ್ಲ, ಚಿಕ್ಕವಳು ಅಂತೆಲ್ಲ ವಕಾಲತ್ತು ಮಾಡುವುದಿಲ್ಲ. ಅವಳು ಹೇಳಿದಳು, ಅವರು ಸತ್ತರು. ಆಮೇಲೆ ಅವಳಿಗೆ ಕೆಟ್ಟ ಕನಸು ಬೀಳುತ್ತವೆ. ಮಕ್ಕಳ ಪುಸ್ತಕ ಅಂತ ಅಚ್ಚಾದ ಕತೆ ಇದು. 1972ರಲ್ಲಿ ಅಮೆರಿಕದಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡುವ ನ್ಯೂಬೆರಿ ಆನರ್ ಗೌರವ ಪಡೆದ ಪುಸ್ತಕ. ಮಕ್ಕಳಿಗೆ ಇಷ್ಟು ನೇರವಾಗಿ ಹೇಳುವ ಧೈರ್ಯ ಎಷ್ಟು ಜನಕ್ಕಿದೆ?

ಬೆಳಕು

ಈಗ ಐದನೇ ಅಧ್ಯಾಯ. ಗೋರಿಗಳ ಕೆಳಗೆ ಒಂದು ದೊಡ್ಡ ಗವಿ ಇದೆ. ಅಲ್ಲಿ ಬೆಳಕು ತರಬಾರದು. ಯಾವತ್ತೂ ಯಾರೂ ತಂದಿಲ್ಲ. ತೆನಾರ್ ಆ ಜಾಗದಲ್ಲಿ ಎಷ್ಟೋ ಸಲ ಓಡಾಡಿದ್ದಾಳೆ, ಕಣ್ಣಿಂದ ನೋಡಿಲ್ಲ. ಗೋಡೆ ತಡವಿಕೊಂಡು, ತಿರುವುಗಳನ್ನು ಎಣಿಸಿಕೊಂಡು, ಬೆರಳ ತುದಿಯಲ್ಲೇ ಅದನ್ನು ಕಲಿತವಳು. ಓದುವ ನಮಗೂ ಅಷ್ಟೇ. ಅಲ್ಲಿಯವರೆಗೆ ಆ ಜಾಗದ ಬಗ್ಗೆ ನಮಗೆ ಗೊತ್ತಿರುವುದು ತಂಪು, ಸದ್ದು, ಕಲ್ಲಿನ ನುಣುಪು, ಇಷ್ಟೇ. ಒಂದು ದಿನ ಅವಳು ಇಳಿದು ಹೋದರೆ ಅಲ್ಲಿ ಮಸುಕು ಬೆಳಕು ಇದೆ. ಒಂದು ಕೋಲಿನ ತುದಿಯಿಂದ ಬರುತ್ತಿದೆ. ಅವಳಿಗೆ ಮೊದಲು ಕಾಣುವುದು ಕೋಲು ಹಿಡಿದವನಲ್ಲ, ಗವಿ. ಹರಳುಗಳು. ನೇರಳೆ ಬಣ್ಣದ, ವಜ್ರದ ಹಾಗೆ ಮಿಂಚುವ ಚಾವಣಿ. ತಾನು ಹುಟ್ಟಿದಾಗಿಂದ ಒಡತಿಯಾಗಿರುವ ಕತ್ತಲ ಕೋಣೆ ಇಷ್ಟು ಚೆಂದ ಇತ್ತು ಅಂತ ಅವಳಿಗೆ ಅವತ್ತೇ ಗೊತ್ತಾಗುವುದು.

ಆ ಪುಟ ಓದುವಾಗ ನನ್ನೊಳಗೆ ಎರಡು ಸಂಗತಿ ಒಟ್ಟಿಗೆ ನಡೆದವು. ಮುಖದ ಮೇಲೆ ಗಾಯದ ಗುರುತಿರುವ ಕಪ್ಪು ಮೈಬಣ್ಣದ ಮನುಷ್ಯ ಅಂದ ತಕ್ಷಣ, ಅಯ್ಯೋ ಇವನೇ, ಬಂದ ಬಂದ ಅಂತ ಖುಷಿಯಾಯಿತು. ಆ ಗಾಯ ಹೇಗಾಯಿತು ಅಂತ ನನಗೆ ಗೊತ್ತು. ಅವನ ನಿಜವಾದ ಹೆಸರೂ ಗೊತ್ತು. ಅದೇ ಹೊತ್ತಿಗೆ, ಇವನ್ಯಾರು, ನಮ್ಮ ಜಾಗಕ್ಕೆ ಯಾಕೆ ನುಗ್ಗಿದ ಅಂತ ಮೈ ಉರಿಯಿತು. ನಾಲ್ಕು ಅಧ್ಯಾಯ ನಾನು ತೆನಾರ್ ಜೊತೆ ಆ ಕತ್ತಲಲ್ಲಿ ತಡವರಿಸಿದ್ದೇನೆ. ಆ ಗವಿ ಅವಳದು. ಅಂದರೆ ನನ್ನದೂ ಹೌದು. ಇವನು ಕಳ್ಳ. ಕಳ್ಳನೇ ತಾನೇ? ಅಲ್ಲಿಯ ಖಜಾನೆಯಲ್ಲಿರುವ ಎರೆತ್-ಆಕ್ಬೆ ಎಂಬ ಹಳೇ ಕಾಲದ ಮಾಂತ್ರಿಕನ ಮುರಿದ ಉಂಗುರದ ಅರ್ಧ ತುಂಡನ್ನು ಎತ್ತಿಕೊಂಡು ಹೋಗಲು ಬಂದವನು.

ಮೊದಲ ಅಧ್ಯಾಯದಲ್ಲೇ ಗೆಡ್ ಬಂದಿದ್ದರೆ ಈ ಎರಡನೇ ಭಾವನೆ ಹುಟ್ಟುತ್ತಲೇ ಇರಲಿಲ್ಲ. ಅವನ ಹೆಗಲ ಮೇಲೆ ಕೂತು ಇನ್ನೊಂದು ಸಾಹಸ ನೋಡಿ ಬರುತ್ತಿದ್ದೆವು. ಅವನನ್ನು ತಡೆಯುವ ಹುಡುಗಿ ಒಂದು ಅಡ್ಡಿ ಆಗಿರುತ್ತಿದ್ದಳು, ಅಷ್ಟೇ. ಆ ನಾಲ್ಕು ಅಧ್ಯಾಯದ ಬೇಸರ ಯಾಕೆ ಬೇಕಿತ್ತು ಅಂತ ನನಗೆ ಉತ್ತರ ಸಿಕ್ಕಿದ್ದು ಇಲ್ಲಿ. ನಾಯಕನನ್ನು ಹೊರಗಿನಿಂದ ನೋಡಬೇಕಾದರೆ ನಾವು ಮೊದಲು ಇನ್ನೆಲ್ಲೋ ಒಳಗೆ ಇರಬೇಕು. ಬರೀ ಒಂದು ಪುಟದಲ್ಲಿ ಆ ಒಳಗನ್ನು ಕಟ್ಟಲು ಆಗುವುದಿಲ್ಲ.

ಖಾಲಿ ನೀರಿನ ಚೀಲ, ರೇಷ್ಮೆ ಲಂಗ

ಅವಳು ಕಬ್ಬಿಣದ ಬಾಗಿಲು ಹಾಕಿ ಅವನನ್ನು ಸುರಂಗಗಳ ಜಾಲದಲ್ಲಿ ಸಿಕ್ಕಿಸುತ್ತಾಳೆ. ಮೇಲಿನ ಕೋಣೆಗಳ ನೆಲದಲ್ಲಿ ಇಣುಕು ತೂತುಗಳಿವೆ. ಅಲ್ಲಿ ಮಂಡಿಯೂರಿ ಕೂತು ಕೆಳಗೆ ನೋಡುತ್ತಾಳೆ. ಅವನು ಬಾಗಿಲ ಮೇಲೆ ಮಂತ್ರ ಹಾಕಿ ಸೋಲುತ್ತಾನೆ. ನೀರಿನ ಚೀಲ ಎತ್ತಿ ನೋಡುತ್ತಾನೆ. ಹಗುರವಾಗಿದೆ. ಕುಡಿಯದೆ ಮತ್ತೆ ಮುಚ್ಚಿಡುತ್ತಾನೆ. ಗಂಟನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಾನೆ. ಡ್ರ್ಯಾಗನ್‌ಗಳ ಜೊತೆ ಸಮಸಮವಾಗಿ ಮಾತಾಡಿದ ಮಹಾ ಮಾಂತ್ರಿಕ, ಮೇಲಿನಿಂದ ನೋಡಿದರೆ ಬಾಯಾರಿದ ಒಬ್ಬ ದಣಿದ ಮನುಷ್ಯ. ತನ್ನ ಶಕ್ತಿಯೆಲ್ಲ ಎಲ್ಲಿ ಹೋಗುತ್ತಿದೆ ಅಂತ ಆಮೇಲೆ ಅವನೇ ಹೇಳುತ್ತಾನೆ. ಆ ನೆಲದ ಶಕ್ತಿಗಳು ತನ್ನನ್ನು ಹೊಸಕಿ ಹಾಕದ ಹಾಗೆ ತಡೆದುಕೊಂಡಿರುವುದಕ್ಕೇ ಅದು ಸಾಲುತ್ತಿಲ್ಲ. ಕೆಲಸ ನಡೆಯುತ್ತಲೇ ಇದೆ, ನಮಗೆ ಕಾಣುತ್ತಿಲ್ಲ ಅಷ್ಟೇ. ನನಗೆ ಈ ಏರ್ಪಾಡು ತುಂಬ ಹಿಡಿಸಿತು. ಮೊದಲ ಪುಸ್ತಕದ ಮಿಂಚು ಗುಡುಗಿಗಿಂತ ಜಾಸ್ತಿ.

ಅವಳ ಕೈಯಲ್ಲಿ ಈಗ ಮತ್ತೆ ಅದೇ ಸಾವು ಇದೆ. ನೀರು ಕೊಡದೆ ಬಿಟ್ಟರೆ ಸಾಕು. ಮೂವರು ಕೈದಿಗಳ ಅಧ್ಯಾಯ ಅಲ್ಲಿ ಸುಮ್ನೆ ಕೂತಿರಲಿಲ್ಲ ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಈ ಸಲ ಅವಳು ನೀರು ಕೊಡುತ್ತಾಳೆ. ಯಾಕೆ ಕೊಟ್ಟಳು ಅಂತ ಅವಳಿಗೂ ಸರಿಯಾಗಿ ಗೊತ್ತಿಲ್ಲ. ಕನಿಕರಕ್ಕಿಂತ ಕುತೂಹಲ ಇರಬಹುದು. ಅಷ್ಟು ವರ್ಷಗಳಲ್ಲಿ ಅಲ್ಲಿ ನಡೆದ ಮೊದಲ ಹೊಸ ಸಂಗತಿ ಅವನು.

ಆಮೇಲೆ ಸುರಂಗದೊಳಗಿನ ಬಣ್ಣದ ಚಿತ್ರಗಳಿರುವ ಒಂದು ಕೋಣೆಯಲ್ಲಿ ಅವಳು ಸವಾಲು ಹಾಕುತ್ತಾಳೆ. ನೀನು ಮಾಂತ್ರಿಕನಾದರೆ ನೋಡತಕ್ಕಂಥದ್ದು ಏನಾದರೂ ತೋರಿಸು ಅಂತ. ಅವನು ಏನೋ ದೊಡ್ಡದು ಮಾಡುತ್ತಾನೆ ಅಂತ ಕಾಯುತ್ತಿರುವಾಗ ಅವಳ ಒರಟು ಕಪ್ಪು ನಿಲುವಂಗಿ ನೀಲಿ-ಹಸಿರು ರೇಷ್ಮೆಯಾಗುತ್ತದೆ. ಘೇರು ತುಂಬ ಬೆಳ್ಳಿ ಎಳೆ, ಸಣ್ಣ ಮುತ್ತುಗಳು. ಅವನ ಉತ್ತರದ ತಿರುಳು ಇಷ್ಟೇ: ನೋಡತಕ್ಕಂಥದ್ದು ಅಂದರೆ ನೀನೇ. ಅವಳಿಗೆ ಖುಷಿಯಾಗುವುದಿಲ್ಲ. ಇದನ್ನು ತೆಗೆ ಅನ್ನುತ್ತಾಳೆ. ಹೆದರಿದ್ದಾಳೆ.

ಮೊದಲ ಓದಿಗೆ ನನಗೆ ಈ ಲಂಗದ ವಿಷಯ ಸ್ವಲ್ಪ ಕಿರಿಕಿರಿ ಅನ್ನಿಸಿತ್ತು. ಹುಡುಗಿ ಅಂದ ಮೇಲೆ ರೇಷ್ಮೆಯೇ ಆಗಬೇಕಾ ಅಂತ. ಎರಡು ಅಧ್ಯಾಯ ಆದ ಮೇಲೆ, ಯಾವುದೋ ಬೇರೆ ಸಾಲು ಓದುತ್ತಿದ್ದಾಗ, ಥಟ್ಟನೆ ಹೊಳೆಯಿತು. ಮೊದಲ ಪುಸ್ತಕದಲ್ಲಿ ಗೆಡ್ ದೋಣಿ ಒಡೆದು ಒಂದು ಮರಳುದಿಬ್ಬಕ್ಕೆ ಬಂದು ಬೀಳುತ್ತಾನಲ್ಲ, ಅಲ್ಲಿ ಇಬ್ಬರು ಮುದುಕರು ಇರುತ್ತಾರಲ್ಲ? ಚಿಕ್ಕ ಮಕ್ಕಳಾಗಿದ್ದಾಗಲೇ ಯಾರೋ ತಂದು ಬಿಟ್ಟುಹೋದ ಅಣ್ಣ ತಂಗಿ. ಮಾತೇ ಮರೆತುಹೋದ ಹಾಗಿರುವ ಜನ. ಆ ಮುದುಕಿ ಗೆಡ್‌ಗೆ ತನ್ನ ಆಸ್ತಿ ತೋರಿಸುತ್ತಾಳೆ. ಒಂದು ಮಗುವಿನ ಅಂಗಿ. ರೇಷ್ಮೆಯದು. ಮುತ್ತು ಹೊಲಿದದ್ದು. ಅದರ ಮೇಲೆ ಕಾರ್ಗದ್ ರಾಜಮನೆತನದ ಗುರುತು. ಅವಳೇ ಮುರಿದ ಉಂಗುರದ ತುಂಡನ್ನು ಅವನ ಕೈಗೆ ಇಡುವುದು. ಅದು ಏನು ಅಂತ ಅವಳಿಗೂ ಗೊತ್ತಿಲ್ಲ, ಆಗ ಅವನಿಗೂ ಗೊತ್ತಿಲ್ಲ. ಎಷ್ಟೋ ಕಾಲದ ಮೇಲೆ ಒಂದು ಡ್ರ್ಯಾಗನ್ ಹೇಳಿ ತಿಳಿಯುತ್ತದೆ.

ಮನೆಯಿಂದ ಎತ್ತಿ ತಂದು ಬರಡು ಜಾಗದಲ್ಲಿ ಬಿಟ್ಟ ಒಬ್ಬ ಕಾರ್ಗದ್ ಹುಡುಗಿಯನ್ನು ಅವನು ಆಗಲೇ ನೋಡಿದ್ದಾನೆ. ಅವಳು ಮುದುಕಿಯಾಗುವವರೆಗೆ ಯಾರೂ ಬರಲಿಲ್ಲ. ಅವನು ಬಂದಾಗಲೂ ಕರೆದುಕೊಂಡು ಹೋಗಲು ಆಗಲಿಲ್ಲ. ಈಗ ಇನ್ನೊಬ್ಬಳು ಎದುರು ಕೂತಿದ್ದಾಳೆ, ಇನ್ನೂ ಚಿಕ್ಕವಳು. ಅವಳಿಗೆ ಅವನು ತೊಡಿಸುವುದು ಮುತ್ತಿನ ರೇಷ್ಮೆ. ಲೆ ಗ್ವಿನ್ ಈ ಎರಡು ಬಟ್ಟೆಗಳನ್ನು ಎಲ್ಲೂ ಜೋಡಿಸಿ ಹೇಳುವುದಿಲ್ಲ. ಅವರು ಬೇಕೆಂದೇ ಮಾಡಿದ್ದೋ, ಕೈ ತಾನೇ ಹಾಗೆ ಬರೆಯಿತೋ, ನನಗೆ ಅದು ಮುಖ್ಯವಲ್ಲ. ಮೊದಲ ಪುಸ್ತಕದಲ್ಲಿ ಆ ಮುದುಕಿ ನನಗೆ ದಾರಿಯಲ್ಲಿ ಸಿಕ್ಕಿದ ಒಂದು ಸಣ್ಣ ಪಾತ್ರ. ಎರಡನೆಯದು ಓದಿದ ಮೇಲೆ ಅವಳೇ ಇಡೀ ಕತೆಯ ಶುರು ಅನ್ನಿಸುತ್ತಿದೆ.

ಯಾರು ಯಾರನ್ನು ಬಿಡಿಸಿದರು

ಈ ಪುಸ್ತಕದ ಬಗ್ಗೆ ಸಹಜವಾಗಿ ಏಳುವ ಒಂದು ತಕರಾರಿದೆ. ಗುಹೆಯಲ್ಲಿ ಹುಡುಗಿ, ಹೊರಗಿನಿಂದ ಗಂಡಸು, ಅವನು ಅವಳಿಗೆ ಹೆಸರು ವಾಪಸ್ ಕೊಡುತ್ತಾನೆ, ಕೈಹಿಡಿದು ಹೊರಗೆ ತರುತ್ತಾನೆ. ಹಳೇ ಕತೆಯೇ ಅಲ್ವಾ? ನಾನೂ ಇದನ್ನೇ ಹುಡುಕುತ್ತಾ ಓದಿದೆ. ಆದರೆ ಪುಟ ಬಿಡಿಸಿ ನೋಡಿದರೆ ಲೆಕ್ಕ ಅಷ್ಟು ಸಲೀಸಾಗಿ ಕೂರುವುದಿಲ್ಲ. ಅವನಿಗೆ ದಾರಿ ಗೊತ್ತಿಲ್ಲ. ಸುರಂಗದ ಪ್ರತಿ ತಿರುವೂ ಅವಳ ತಲೆಯಲ್ಲಿದೆ, ಬೇರೆಲ್ಲೂ ಬರೆದಿಟ್ಟಿಲ್ಲ. ಅವಳಿಗೆ ದಾರಿ ಗೊತ್ತು, ಆದರೆ ನೆಲ ನಡುಗಲು ಶುರುವಾದಾಗ ಚಾವಣಿ ಬೀಳದ ಹಾಗೆ ತಡೆಯಲು ಆಗುವುದಿಲ್ಲ. ಅವಳು ಎಣಿಸುತ್ತಾಳೆ, ಅವನು ತಡೆದು ಹಿಡಿಯುತ್ತಾನೆ. ಒಬ್ಬರು ಬಿಟ್ಟರೂ ಇಬ್ಬರೂ ಮಣ್ಣಾಗುತ್ತಾರೆ. ಉಂಗುರವೂ ಹಾಗೇ, ಅರ್ಧ ಅವನು ತಂದದ್ದು, ಅರ್ಧ ಅವಳ ಕಾವಲಿನಲ್ಲಿದ್ದದ್ದು. ಕೂಡಿದ ಮೇಲೆ ಅವಳ ಕೈಗೆ ಹಾಕುತ್ತಾನೆ.

ಇನ್ನೊಂದು ಸಂಗತಿ. ಮೊದಲ ಪುಸ್ತಕದ ಕೊನೆಯಲ್ಲಿ ಗೆಡ್‌ನ ಸಾಹಸಗಳ ಹಾಡಿನ ಮಾತು ಬರುತ್ತದೆ. ಅವನು ಅತುವಾನ್ ಗೋರಿಗಳಿಂದ ಉಂಗುರವನ್ನು ಹಾವ್ನೋರ್ ದ್ವೀಪಕ್ಕೆ ತಂದ ಅಂತ ಅಲ್ಲೇ ಹೇಳಿಬಿಟ್ಟಿದ್ದಾರೆ. ಅಂದರೆ ಎರಡನೇ ಪುಸ್ತಕದ ಫಲಿತಾಂಶ ಮೊದಲನೆಯದರಲ್ಲೇ ಬಯಲು. ಆ ಸಾಲನ್ನು ತಿರುಗಿಸಿ ತೆಗೆದು ನೋಡಿದೆ. ಅದರಲ್ಲಿ ಒಬ್ಬ ಹುಡುಗಿಯ ಸುಳಿವೇ ಇಲ್ಲ. ಅವನು ತಂದ, ಅಷ್ಟೇ. ಹಾಡುಗಳು ಹಾಗೇ ತಾನೇ, ಒಬ್ಬರ ಹೆಸರಿಗೆ ಮಾತ್ರ ಜಾಗ. ಆ ಒಂದು ಸಾಲಿನೊಳಗೆ ಯಾರಿದ್ದರು ಅಂತ ತೋರಿಸಲು ಲೆ ಗ್ವಿನ್ ಒಂದು ಪೂರ್ತಿ ಪುಸ್ತಕ ಬರೆದರು. ಗೆಡ್‌ನನ್ನು ನಾಲ್ಕು ಅಧ್ಯಾಯ ಹೊರಗೆ ನಿಲ್ಲಿಸಿದ್ದಕ್ಕೆ ನನ್ನ ಲೆಕ್ಕದಲ್ಲಿ ಇದೇ ಸಮರ್ಥನೆ.

ಹಿಡಿಸದ್ದು

ಎಲ್ಲವೂ ಚೆನ್ನಾಗಿದೆ ಅಂತಲ್ಲ. ಕೊಸಿಲ್ ಎಂಬ ಇನ್ನೊಬ್ಬ ಅರ್ಚಕಿ ಕೆಟ್ಟವಳು, ಶುರುವಿನಿಂದ ಕೊನೆಯವರೆಗೆ ಕೆಟ್ಟವಳು. ಅವಳಿಗೆ ದೇವರ ಮೇಲೆ ನಂಬಿಕೆಯಿಲ್ಲ, ಅಧಿಕಾರದ ಮೇಲೆ ಮಾತ್ರ ಇದೆ ಅನ್ನುವ ಎಳೆ ಎಷ್ಟು ಒಳ್ಳೆಯದು! ಅದನ್ನು ಬೆಳೆಸದೆ ಬಿಟ್ಟಿದ್ದಾರೆ. ಥಾರ್ ಎಂಬ ಕಟ್ಟುನಿಟ್ಟಿನ ಮುದುಕಿ ಅವಳಿಗಿಂತ ಎಷ್ಟೋ ಪಾಲು ಜೀವಂತ, ಆದರೆ ಬೇಗ ಸತ್ತುಹೋಗುತ್ತಾಳೆ. ಕೋಣೆಯ ಮಾತುಕತೆಯಲ್ಲಿ ಗೆಡ್ ಅಲ್ಲಲ್ಲಿ ಪಾಠ ಹೇಳುತ್ತಾನೆ. ಮಾನನ್‌ನ ಸಾವು ನನಗೆ ಇನ್ನೂ ಒಪ್ಪಿಗೆಯಾಗಿಲ್ಲ. ಅವಳನ್ನು ಅಷ್ಟು ವರ್ಷ ಸಾಕಿದವನು ಸುರಂಗದ ಹಳ್ಳಕ್ಕೆ ಬಿದ್ದು ಕಾಣೆಯಾಗುತ್ತಾನೆ, ಕತೆ ಮುಂದೆ ಓಡುತ್ತದೆ.

ಆದರೆ ತಪ್ಪಿಸಿಕೊಂಡ ಮೇಲಿನ ಎರಡು ಅಧ್ಯಾಯಗಳು ಇವೆಯಲ್ಲ, ಅವಕ್ಕಾಗಿ ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳಬಹುದು. ಬೇರೆಯವರಾಗಿದ್ದರೆ ಗೋರಿಗಳು ಕುಸಿದ ಕಡೆಗೇ ಮುಗಿಸುತ್ತಿದ್ದರು. ಇಲ್ಲಿ ಬೆಟ್ಟ ದಾಟಬೇಕು, ಚಳಿ, ಹಸಿವು. ಗೆಡ್ ಒಂದು ಮೊಲವನ್ನು ಅದರ ಹೆಸರು ಹಿಡಿದು ಕರೆಯುತ್ತಾನೆ. ಬರುತ್ತದೆ. ಹಾಗಾದರೆ ಊಟಕ್ಕಾಯಿತಲ್ಲ ಅನ್ನುವುದು ಅವಳ ಯೋಚನೆ. ನಂಬಿ ಬಂದದ್ದನ್ನು ಹಾಗೆ ಮಾಡಬಾರದು ಅನ್ನುತ್ತಾನೆ ಅವನು. ಸಮುದ್ರದ ದಡದಲ್ಲಿ ಅವಳು ಅವನನ್ನು ಕೊಲ್ಲಲು ಚಾಕು ಹಿಡಿದು ನಿಲ್ಲುತ್ತಾಳೆ. ಬಿಡುಗಡೆಯಾದವಳು ಬಿಡಿಸಿದವನ ಮೇಲೆ! ನನಗೆ ಇದು ಆಶ್ಚರ್ಯ ಅನ್ನಿಸಲೇ ಇಲ್ಲ. ಅವನು ಅವಳಿಗೆ ಸ್ವಾತಂತ್ರ್ಯ ತೋರಿಸಿದ್ದು ಹೌದು. ಜೊತೆಗೆ ಇಷ್ಟು ವರ್ಷ ಯಾವುದಕ್ಕೂ ಬಾರದ ಕೆಡುಕಿಗೆ ಜೀತ ಮಾಡಿದೆ ಅನ್ನುವುದನ್ನೂ ತೋರಿಸಿಬಿಟ್ಟ. ಮೂವರು ಸತ್ತದ್ದು ಯಾವ ದೇವರಿಗೂ ಅಲ್ಲ ಅನ್ನುವುದನ್ನೂ. ಅದನ್ನು ತೋರಿಸಿದವನ ಮೇಲೆ ಸಿಟ್ಟು ಬರದೆ ಇರುತ್ತದಾ? ಅವಳು ಅಳುತ್ತಾಳೆ. ಅವನು ಸಮಾಧಾನದ ಮಾತು ಜಾಸ್ತಿ ಆಡುವುದಿಲ್ಲ, ನೀನು ಚಿಕ್ಕವಳಾಗಿದ್ದೆ ಅಂತ ತೇಲಿಸಿಯೂ ಬಿಡುವುದಿಲ್ಲ.

ಟೋಲ್ಕಿನ್‌ರ ಉಂಗುರದ ಕತೆಯಲ್ಲೂ ನಡುವಿನ ಸಂಪುಟದ ಮೊದಲರ್ಧ ಪೂರ್ತಿ ನಾಯಕ ಫ್ರೋಡೋ ಕಾಣುವುದಿಲ್ಲ. ಆದರೆ ಅದು 1954-55ರಲ್ಲಿ ಮೂರು ಭಾಗವಾಗಿ ಅಚ್ಚಾದ ಒಂದೇ ಕಾದಂಬರಿ. ಅಲ್ಲಿ ನಾವು ಕಾಯುತ್ತೇವೆ, ಅವನು ಅದೇ ಫ್ರೋಡೋ ಆಗಿ ವಾಪಸ್ ಬರುತ್ತಾನೆ. ಇಲ್ಲಿ ಕಾದ ಮೇಲೆ ಬಂದ ಗೆಡ್ ನನಗೆ ಗೊತ್ತಿದ್ದ ಗೆಡ್ ಅಲ್ಲ. ಒಂದು ಸಲ ಅವನನ್ನು ಇಣುಕು ತೂತಿನಿಂದ ನೋಡಿದ ಮೇಲೆ ಅವನ ಹೆಗಲ ಮೇಲೆ ಮತ್ತೆ ಹೋಗಿ ಕೂರಲು ನನಗಂತೂ ಆಗಲಾರದು. 1972ರ ಮೂರನೇ ಪುಸ್ತಕದಲ್ಲೂ ಅವನ ಜೊತೆಗೆ ಅರೆನ್ ಎಂಬ ಹುಡುಗ ಹೋಗುತ್ತಾನಂತೆ, ಕತೆ ಆ ಹುಡುಗನ ಕಣ್ಣಿನಿಂದಲೇ ಅಂತೆ. 1990ರಲ್ಲಿ ಬಂದ ನಾಲ್ಕನೆಯದರಲ್ಲಿ ತೆನಾರ್ ನಡುವಯಸ್ಸಿನ ಹೆಂಗಸಾಗಿ ವಾಪಸ್ ಬರುತ್ತಾಳಂತೆ. ನಡುವಿನ ಒಂದನ್ನು ಹಾರಿಸಿ ನೇರ ಅಲ್ಲಿಗೇ ಹೋಗಿಬಿಡೋಣ ಅಂತ ಆಸೆಯೇನೋ ಇದೆ. ಹಾರಿಸುವುದಿಲ್ಲ. ಆದರೆ ಅದಕ್ಕೂ ಮುಂಚೆ ಮೊದಲ ಪುಸ್ತಕದ ಮೊದಲ ಅಧ್ಯಾಯ ಇನ್ನೊಮ್ಮೆ ಓದಬೇಕು, ಈ ಸಲ ಮಂಜಿನೊಳಗೆ ಓಡುತ್ತಿರುವ ಆ ಕಾರ್ಗದ್ ಹುಡುಗರ ಕಡೆಯಿಂದ.